ಕಿವಿಯೊಳಗಿನ ಯಂತ್ರ

ಬೆಟಗೇರಿಯ ನನ್ನ ಗೆಳೆಯ ಮೂವತ್ತು ವರ್ಷ ವಿದ್ಯುತ್ ಮಗ್ಗಗಳ ನಡುವೆ ನಿಂತು ಕಿವಿ ಕಳೆದುಕೊಂಡವನು. ರವಿವಾರ ಬೆಳಿಗ್ಗೆ ನಾನು ಗದಗಿನಿಂದ ಅವನ ಮನೆಗೆ ಹೋಗುವುದು, ಪಡಸಾಲೆಯಲ್ಲಿ ಚದುರಂಗದ ಮಣೆ ಇಡುವುದು, ಊಟದ ಹೊತ್ತಿಗೆ ನಾನು ಗೆದ್ದು ಏಳುವುದು ಇಬ್ಬರಿಗೂ ರೂಢಿಯಾಗಿತ್ತು. ಸೋತರೂ ಅವನು ಮುಖ ಸಣ್ಣದು ಮಾಡಿದವನಲ್ಲ. ಕಿವಿ ಹೋದ ಮೇಲೆ ಅವನ ಜೊತೆ ಗಂಟೆಗಟ್ಟಲೆ ಕೂರುವ ಗೆಳೆಯ ಅಂತ ಉಳಿದವನು ನಾನೊಬ್ಬನೇ.

ಹೋದ ವರ್ಷ ಮಗಳು ಅವನಿಗೆ ಶ್ರವಣಯಂತ್ರ ಕೊಡಿಸಿದಳು. ಬಲಗಿವಿಯೊಳಗೆ ಇಡುವಂಥದ್ದು, ಹುಣಸೆ ಬೀಜದಷ್ಟು ಸಣ್ಣದು. ಅದರ ಸದ್ದು ಏರಿಸಲು ಇಳಿಸಲು ಫೋನನ್ನು ಒತ್ತಬೇಕು.

ಅದು ಬಂದ ಮೊದಲ ರವಿವಾರ ನಾನು ಒಂದು ಆನೆ, ಎರಡು ಪ್ಯಾದೆ ಮುಂದಿದ್ದೆ. ಅವನು ಸೋಲು ಒಪ್ಪಿಕೊಳ್ಳಲಿ ಎಂದು ಕಾಯುತ್ತಿದ್ದೆ. ಅವನು ತೊಡೆಯ ಮೇಲಿನ ಫೋನನ್ನು ಒಮ್ಮೆ ಮುಟ್ಟಿ, ಕಣ್ಣು ಮುಚ್ಚಿ ಕುಳಿತ. ಆಮೇಲೆ ತನ್ನ ವಜೀರನನ್ನು ತಂದು, ಮೂಲೆಯಲ್ಲಿದ್ದ ನನ್ನ ರಾಜನ ಮುಂದಿನ ಪ್ಯಾದೆಯನ್ನು ಹೊಡೆದ. ರಾಜನಿಂದಲೇ ಆ ವಜೀರನನ್ನು ಹೊಡೆಯದೆ ನನಗೆ ಬೇರೆ ದಾರಿ ಇರಲಿಲ್ಲ. ಕೂಡಲೇ ಅವನ ಆನೆ ಸರಿದು ಬಂದು ಶಹ ಕೊಟ್ಟಿತು. ರಾಜ ಓಡಬೇಕಾದ ಮನೆಗಳನ್ನು ಅವನ ಕುದುರೆಯೂ ನನ್ನದೇ ಪ್ಯಾದೆಯೂ ಮುಚ್ಚಿದ್ದವು.

"ಮಾತ್," ಎಂದ.

ಅಂಥ ನಡೆ ಇದೆ ಎಂದು ನನಗೆ ಗೊತ್ತಿತ್ತು. ಅವನಿಗೆ ಕಂಡೀತು ಎಂದುಕೊಂಡಿರಲಿಲ್ಲ. ಒಂದು ಪ್ಯಾದೆ ಕೊಡಲು ಹತ್ತು ಸಲ ಯೋಚಿಸುವವನು ವಜೀರನನ್ನೇ ಬಲಿ ಕೊಡುವುದೆಂದರೇನು? ಮುಂದಿನ ಎರಡು ರವಿವಾರವೂ ಸೋಲಿನ ಬಾಯಿಂದ ಹೊರಬಂದು ಗೆದ್ದ. ನಾನು ಮಣೆ ಬಿಟ್ಟು ಅವನ ಕಿವಿ ನೋಡತೊಡಗಿದೆ. ಫೋನು ಮುಟ್ಟಿದನೇ? ತುಟಿ ಅಲುಗಿತೇ? ಯಾರೋ ಅದರೊಳಗಿಂದ ನಡೆ ಹೇಳಿಕೊಡುತ್ತಿದ್ದಾರೆ ಎಂಬ ಗುಮಾನಿ ತಲೆಯಲ್ಲಿ ಕುಳಿತುಬಿಟ್ಟಿತು. ನಾಲ್ಕನೆಯ ವಾರ ಅಂದೇಬಿಟ್ಟೆ.

"ಅದನ್ನ ತಗದಿಟ್ಟು ಆಡು ನೋಡೂಣು."

"ಯಾಕಲೇ?"

"ನಿನಗ ಯಾರೋ ಹೇಳಿಕೊಡಾಕತ್ತಾರ."

ಅವನು ನನ್ನನ್ನೇ ನೋಡಿದ. ಯಂತ್ರ ತೆಗೆದು ಮುಷ್ಟಿಯಲ್ಲಿ ಹಿಡಿದ. ಅರ್ಧ ತಾಸಿನಲ್ಲಿ ಸೋತ. ಕಳ್ಳ ಕೈಗೆ ಸಿಕ್ಕಷ್ಟು ಸಮಾಧಾನ ನನಗೆ. ಅವನು ಎದ್ದು ಒಳಗೆ ಹೋದ, ಊಟಕ್ಕೆ ಕರೆಯಲಿಲ್ಲ.

ನಾನು ಚಪ್ಪಲಿ ಮೆಟ್ಟುವಾಗ ಅವನ ಹೆಂಡತಿ ಬಾಗಿಲಿಗೆ ಬಂದರು.

"ಅಣ್ಣಾರ, ಖರೆ ಐತಿ, ಹೇಳಿಕೊಡತಾರ. ಹೇಳಿಕೊಡಾವ್ರು ನೀವ."

"ನಾನಾ?"

"ಆಡೂವಾಗ ನಿಮ್ಮಷ್ಟಕ್ಕ ನೀವು ವಟಾವಟಾ ಅಂತಿರತೀರಿ. 'ಇಂವ ವಜೀರನ್ನ ಕೊಟ್ರ ನನ್ನ ಕತಿ ಮುಗೀತು. ಕೊಡಾಂಗಿಲ್ಲ ಬಿಡು, ಅಂಜುಬುರಕ.' ಅಡಿಗಿಮನಿತನಾ ಕೇಳಸತೈತಿ. ಈಗ ಇವರಿಗೂ ಕೇಳಸತೈತಿ, ಅಷ್ಟ."

ಕಾಯಿಗಳನ್ನು ಮಾತಾಡಿಸುತ್ತ ಆಡುವುದು ನನಗೆ ಅಜ್ಜನಿಂದ ಬಂದದ್ದು. ಬಾಯಿ ಆಡುತ್ತಿದೆ ಎಂಬ ಅರಿವೇ ನನಗಿರಲಿಲ್ಲ. ಇಷ್ಟು ವರ್ಷ ಅವನೆದುರಿಗೇ ಕೂತು ಅವನನ್ನು ಏನೇನು ಅಂದಿದ್ದೆನೋ!

ಒಳಗೆ ಹೋದೆ. ಅವನು ಬಲಮಗ್ಗುಲನ್ನು ಕಿಟಕಿಯತ್ತ ಮಾಡಿ ಕುಳಿತಿದ್ದ.

"ತಪ್ಪಾತು," ಎಂದೆ.

"ಏನಂದಿ? ಕಿವ್ಯಾಗ ಮಷೀನಿಲ್ಲ. ಜೋರ್ ಹೇಳು."

"ತಪ್ಪಾತು ಅಂದೆ."

"ಇನ್ನಾ ಜೋರ್."

ಎದುರುಮನೆಯವರು ಹೊರಗೆ ಬಂದು ನೋಡುವಂತೆ ಕೂಗಿದೆ.

"ಆತು, ಬಾ, ಉಣ್ಣೂಣು," ಎಂದು ಅವನು ಮೇಲೆದ್ದ. ಮುಷ್ಟಿ ಬಿಚ್ಚಿತ್ತು, ಅಂಗೈ ಖಾಲಿಯಿತ್ತು. ಕಿಟಕಿಯ ಕಡೆಗಿದ್ದ ಅವನ ಬಲಗಿವಿ ಮಾತ್ರ ನನಗೆ ಕಾಣಲಿಲ್ಲ.