ಹಳದಿ ಕಂಡರೆ ಕಾಲೆತ್ತುವವರು

ಡ್ರೈವರ್ ಅಂಕಲ್‌ಗೆ ಎರಡು ಬಣ್ಣದ ಕೈಗಳಿದ್ದವು. ಮೂವತ್ತು ವರ್ಷ ಇಂಜಿನ್ನಿನ ಎಡಗಿಟಕಿಯ ಪಕ್ಕ ಕೂತು ಎಡಗೈ ಮೊಣಕೈತನಕ ತೆಂಗಿನ ಚಿಪ್ಪಿನಂತೆ ಕಪ್ಪಾಗಿತ್ತು; ಬಲಗೈ ಮಾತ್ರ ಹುಟ್ಟುಬಣ್ಣ ಉಳಿಸಿಕೊಂಡಿತ್ತು. ಗೂಡ್ಸ್ ರೈಲು ಓಡಿಸಿ ನಿವೃತ್ತರಾದವರು. ಅರಸೀಕೆರೆಯಲ್ಲಿ ನಮ್ಮ ಎದುರು ಮನೆ. ಆ ಎರಡು ಕೈಗಳೂ ಆಟದ ಸ್ಟೇರಿಂಗ್ ಮೇಲೆ ಒಟ್ಟಿಗೆ ಕೂತಿದ್ದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ಅವರು ತೀರಿಕೊಂಡು ವರ್ಷವಾಯಿತು. ಸಂಕಟ ಪೂರ್ತಿ ಹೋಗಿಲ್ಲ.

ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುವ ಹದಿನೈದು ಜನರ ಗುಂಪು ನಮ್ಮದು. ಬೇಲೂರು, ಹಳೇಬೀಡು, ಬಾಣಾವರ, ಅರಸೀಕೆರೆಯವರು ಭಾನುವಾರ ಮಧ್ಯಾಹ್ನ ತಮ್ಮ ತಮ್ಮ ಮನೆಯಲ್ಲೇ ಕೂತು ಇಂಟರ್ನೆಟ್ಟಿನ ಮೂಲಕ ಒಂದೇ ಟ್ರ್ಯಾಕಿನಲ್ಲಿ ಓಡುತ್ತೇವೆ. ಹೆಡ್‌ಫೋನಿನಲ್ಲಿ ಮಾತಾಡುತ್ತೇವೆ, ಬೈದಾಡುತ್ತೇವೆ. ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುವವನು. ಮೂರು ಪರದೆ, ದುಬಾರಿ ಸ್ಟೇರಿಂಗ್, ರೇಸಿನ ಸೀಟು ಎಲ್ಲ ಇದ್ದವು. ಅಂಕಲ್ ಯಾರೋ ಬಳಸಿ ಬಿಟ್ಟ ಸ್ಟೇರಿಂಗನ್ನು ಆಂಟಿಯ ಹೊಲಿಗೆ ಯಂತ್ರದ ಮೇಜಿಗೆ ಬಿಗಿದಿದ್ದರು. ಪೆಡಲ್ ಜಾರದಿರಲಿ ಎಂದು ಹಿಂದೆ ಎರಡು ಇಟ್ಟಿಗೆ.

"ರೈಲಲ್ಲಿ ಸ್ಟೇರಿಂಗೇ ಇರ್ಲಿಲ್ವಲ್ಲ, ಅದಕ್ಕೇ ಈ ವಯಸ್ಸಲ್ಲಿ ತಿರುಗಿಸ್ಕೊಂಡು ಕೂತವ್ರೆ" ಎನ್ನುತ್ತಿದ್ದರು ಆಂಟಿ.

ಪ್ರತಿ ವಾರ ಅವರೇ ಮೊದಲು. ನಾನು ಎರಡನೆಯವನು.

ಅವರದೊಂದು ಅಭ್ಯಾಸವಿತ್ತು. ರೈಲಿನಲ್ಲಿ ಸಿಗ್ನಲ್ ಕಂಡೊಡನೆ ಡ್ರೈವರ್ ಅದರ ಬಣ್ಣವನ್ನು ಗಟ್ಟಿಯಾಗಿ ಕೂಗಬೇಕು, ಪಕ್ಕದವನು ಅದನ್ನೇ ತಿರುಗಿ ಹೇಳಬೇಕು. ಪಕ್ಕದವನು ಹೇಳದಿದ್ದರೆ ಇನ್ನೊಮ್ಮೆ ಕೂಗಬೇಕು. ನಮ್ಮ ರೇಸಿನಲ್ಲಿ ಮುಂದೆ ಯಾರಾದರೂ ಗುದ್ದಿಕೊಂಡರೆ ಹಳದಿ ಬಾವುಟ ಕಾಣುತ್ತದೆ. ಆ ಜಾಗ ದಾಟುವ ತನಕ ಆಕ್ಸಿಲರೇಟರಿನಿಂದ ಕಾಲೆತ್ತಿ ವೇಗ ಇಳಿಸಬೇಕೆಂಬುದು ಗುಂಪಿನ ನಿಯಮ. ಕಂಪ್ಯೂಟರ್ ಇದನ್ನು ಹಿಡಿಯುವುದಿಲ್ಲ. ಯಾರಾದರೂ ದೂರು ಕೊಟ್ಟರೆ ಮಾತ್ರ ರೇಸಿನ ರೆಕಾರ್ಡಿಂಗ್ ನೋಡುತ್ತೇವೆ. ಅಂಕಲ್ ಬಾವುಟ ಕಂಡೊಡನೆ ಬೆರಳು ಚಾಚಿ "ಹಳದಿ" ಎಂದು ಕೂಗಿ ಕಾಲೆತ್ತುತ್ತಿದ್ದರು. ಬೇಲೂರಿನ ಹುಡುಗರು "ಹಳದೀ ಅಂಕಲ್, ಹಳದಿ" ಎಂದು ರಾಗ ಎಳೆಯುತ್ತಿದ್ದರು.

"ನೀವು ಕೂಗಿದ್ರೆ ನಿಮ್ಮ ಹಿಂದಿರೋರಿಗೆ ಅನುಕೂಲ ಅಲ್ವಾ ಅಂಕಲ್?" ಎಂದು ಒಮ್ಮೆ ಕೇಳಿದೆ.

"ಕೂಗೋದು ನನ್ನ ಕೆಲ್ಸ ಕಣಪ್ಪ. ಕೇಳಿಸ್ಕೊಳೋದು ನಿಮ್ಮಿಷ್ಟ."

ಹೀಗೆ ಎಲ್ಲರಿಗಿಂತ ಮೊದಲೇ ಕಾಲೆತ್ತಿಯೂ ಗೆಲ್ಲುವುದು ಹೇಗೆ? ಏನೋ ಮೋಸವಿರಬೇಕು ಎಂದುಕೊಂಡೆ. ಕಾರಿನ ಟೈರಿಗೆ ಇಲ್ಲದ ಹಿಡಿತ ಕೊಡುವ ಕಳ್ಳ ಫೈಲುಗಳು ಸಿಗುತ್ತವೆ. ಒಂದು ಸಂಜೆ ಅವರ ಮನೆಗೆ ಹೋದವನು, ಅವರು ಕಾಫಿ ತರಲು ಒಳಗೆ ಎದ್ದುಹೋದಾಗ ಅವರ ಕಂಪ್ಯೂಟರಿನಲ್ಲಿ ಆಟದ ಫೈಲುಗಳನ್ನು ಒಂದೊಂದಾಗಿ ತೆರೆಯತೊಡಗಿದೆ. ಹಿಂದೆ ಲೋಟದ ಸದ್ದಾಯಿತು.

"ಹುಡುಕಪ್ಪ. ಸಿಕ್ರೆ ನಂಗೂ ಹೇಳು" ಎಂದು ಕಾಫಿ ಕೈಗಿತ್ತರು.

ಏನೂ ಸಿಗಲಿಲ್ಲ. ಸಿಕ್ಕಿದ್ದರೆ ನೆಮ್ಮದಿಯಾಗುತ್ತಿತ್ತು.

ಆ ವರ್ಷದ ಕೊನೆಯ ರೇಸಿನಲ್ಲಿ ಹಳದಿ ಬಾವುಟ ಬಂದಾಗಲೆಲ್ಲ ನಾನು ಕಾಲೆತ್ತಲಿಲ್ಲ. ಕಿವಿಯಲ್ಲಿ ಅವರ ಕೂಗು ಸ್ಪಷ್ಟವಾಗಿ ಕೇಳುತ್ತಿತ್ತು. ಅವರು ನಿಧಾನಿಸಿದಾಗಲೆಲ್ಲ ನನ್ನ ಅವರ ನಡುವಿನ ದೂರ ಕರಗಿತು. ಕೊನೆಯ ಸುತ್ತಿನಲ್ಲಿ ದಾಟಿದೆ. ಗೆದ್ದೆ. ಯಾರೂ ದೂರು ಕೊಡಲಿಲ್ಲ.

ಮುಂದಿನ ಭಾನುವಾರ ಹಳೇಬೀಡಿನ ಹೋಟೆಲೊಂದರಲ್ಲಿ ಎಲ್ಲರೂ ಸೇರಿ ಕಪ್ ಕೊಡುವುದೆಂದಾಯಿತು. ಅಂಕಲ್ ನನ್ನ ಕಾರಿನಲ್ಲೇ ಹೊರಟರು. ಜಾವಗಲ್ ದಾಟಿದ ಮೇಲೆ, "ಕೊನೇ ತಿರುವು ಚೆನ್ನಾಗಿ ಹಿಡ್ದೆ ಕಣಯ್ಯ" ಎಂದರು. ಸೋತವರು ಅಷ್ಟು ಸಲೀಸಾಗಿ ಹೊಗಳಿದ್ದು ನನಗೆ ಸಹಿಸಲಾಗಲಿಲ್ಲ. ವೇಗ ಹೆಚ್ಚಿಸಿದೆ.

ರಸ್ತೆಯ ಮೇಲೆ ಹಸಿ ಹೊಂಗೆ ಕೊಂಬೆ ಕಂಡಿತು. ಮುಂದೆ ಲಾರಿ ಕೆಟ್ಟು ನಿಂತಿದ್ದರೆ ನಮ್ಮ ಕಡೆ ಹಾಗೆ ಸೊಪ್ಪು ಹಾಕುತ್ತಾರೆ. ನನಗದು ಗೊತ್ತಿತ್ತು.

"ಹಳದಿ" ಎಂದರು ಅಂಕಲ್. ನಾನು ತಿರುಗಿ ಹೇಳಲಿಲ್ಲ. ಕಾಲೂ ಎತ್ತಲಿಲ್ಲ. ಕಾಲಿಗೆ ಅದೇ ಅಭ್ಯಾಸವಾಗಿಹೋಗಿತ್ತು.

"ಹಳದಿ ಕಣೋ" ಎಂದು ಗದರಿದರು.

ತಿರುವಿನಾಚೆ ತೆಂಗಿನಕಾಯಿ ಲಾರಿ. ಅದರಡಿಯಿಂದ ಎರಡು ಕಾಲು ರಸ್ತೆಗೆ ಚಾಚಿದ್ದವು. ಒಂದರಲ್ಲಿ ನೀಲಿ ಹವಾಯಿ ಚಪ್ಪಲಿ, ಇನ್ನೊಂದು ಬರಿಗಾಲು. ಬ್ರೇಕ್ ಒತ್ತಿ ಹಿಡಿದೆ. ಕಾರು ಅಡ್ಡ ಜಾರಿ, ಆ ಬರಿಗಾಲಿಗೆ ಒಂದು ಮೊಳ ಈಚೆ ನಿಂತಿತು.

ಆ ಕಾಲಿನವನು ಲಾರಿಯಡಿಯಿಂದ ತೆವಳಿ ಬಂದು ಮೊದಲು ನನ್ನ ಕಾರು ನೋಡಿದ, ಆಮೇಲೆ ತನ್ನ ಕಾಲು ನೋಡಿಕೊಂಡ. "ಸೊಪ್ಪು ಗಾಳಿಗೆ ಹಾರೋಯ್ತೇನಣ್ಣ?" ಎಂದು ಕೇಳಿದ.

"ಹೂಂ" ಎಂದುಬಿಟ್ಟೆ.

ಅಂಕಲ್ ಇಳಿದು ಹಿಂದಕ್ಕೆ ನಡೆದು, ಕೊಂಬೆಯನ್ನು ಇನ್ನೂ ನೂರು ಹೆಜ್ಜೆ ದೂರಕ್ಕೆ ಎಳೆದು ಹಾಕಿ ಬಂದರು.

ಈಗಲೂ ತರಗತಿಯಲ್ಲಿ ಪಾಠದ ನಡುವೆ ಆ ಬರಿಗಾಲು ಕಣ್ಣ ಮುಂದೆ ಬರುತ್ತದೆ, ಅದರ ಬಿರುಕು ಹಿಮ್ಮಡಿಯ ಸಮೇತ. ಮೇಜಿನ ಹಿಂದೆ ನಿಂತ ನನ್ನ ಬಲಗಾಲು ನೆಲವನ್ನು ಒತ್ತುತ್ತದೆ. ಕೆಲವು ಸಲ ಕಾರು ನಿಲ್ಲುವುದೇ ಇಲ್ಲ.

ಹಳೇಬೀಡಿನಲ್ಲಿ, ಗುಂಪು ನಡೆಸುವ ಬೇಲೂರಿನ ಮೊಬೈಲ್ ಅಂಗಡಿಯವನು ಕಪ್ ನೀಡಲು ಬಂದಾಗ ನಾನು ಕೈ ಚಾಚಲಿಲ್ಲ.

"ಫೈನಲ್‌ನಲ್ಲಿ ಮೂರು ಸಲ ಹಳದಿಗೆ ನಾನು ಕಾಲೆತ್ತಿಲ್ಲ" ಎಂದೆ.

"ತಮಾಷೆ ಮಾಡ್ಬೇಡಿ ಸಾರ್, ಫೋಟೋ ತೆಗೀಬೇಕು."

ಅಂಕಲ್ ವಡೆ ಮುರಿಯುತ್ತ, "ಮೂರಲ್ಲ ಕಣಪ್ಪ, ನಾಲ್ಕು" ಎಂದರು.

ಎಲ್ಲರೂ ಅವರತ್ತ ತಿರುಗಿದರು. ರೇಸ್ ನಡೆದ ದಿನ ಸಂಜೆಯೇ ಅವರು ರೆಕಾರ್ಡಿಂಗ್ ಪೂರ್ತಿ ನೋಡಿದ್ದರು.

"ಗೊತ್ತಿದ್ರೂ ಯಾಕಂಕಲ್ ದೂರು ಕೊಡ್ಲಿಲ್ಲ?" ಎಂದ ಅಂಗಡಿಯವನು.

"ಇವನಿಗೇ ಗೊತ್ತಿತ್ತಲ್ಲಪ್ಪ. ನಾನೇನು ಹೊಸದಾಗಿ ಹೇಳೋದು?"

ಕಪ್ ಅವರಿಗೆ ಹೋಯಿತು. ನನ್ನ ಹೆಸರನ್ನು ಪಟ್ಟಿಯ ಕೊನೆಗೆ ಹಾಕಿದರು. ಇಷ್ಟಾದ ಮೇಲೂ ಫೋಟೋದಲ್ಲಿ ಅವರ ಕೈಯಲ್ಲಿದ್ದ ಕಪ್ ನೋಡಿ ನನಗೆ ಹೊಟ್ಟೆಕಿಚ್ಚಾಯಿತೆಂದರೆ ಯಾರು ನಂಬುತ್ತಾರೋ ಗೊತ್ತಿಲ್ಲ.

ವಾಪಸ್ ಬರುವಾಗ ಅವರು ಬಸ್ಸು ಹಿಡಿಯುತ್ತಾರೆಂದುಕೊಂಡಿದ್ದೆ. ಅವರು ಬಂದು ನನ್ನ ಪಕ್ಕದ ಸೀಟಿನಲ್ಲೇ ಕೂತು ಬೆಲ್ಟ್ ಹಾಕಿಕೊಂಡರು. ಆಗ ಹೊಳೆಯಿತು: ಬೆಳಗ್ಗೆ ಹೊರಡುವಾಗಲೂ, ನಾಲ್ಕು ಸಲ ಕಾಲೆತ್ತದವನು ಇವನು ಎಂದು ತಿಳಿದೇ ಅವರು ನನ್ನ ಕಾರು ಹತ್ತಿದ್ದರು. ಜಾವಗಲ್ ಬರುವಷ್ಟರಲ್ಲಿ ತಲೆ ಒಂದು ಕಡೆ ವಾಲಿಸಿ ನಿದ್ದೆ ಹೋದರು. ನನ್ನಂಥವನ ಪಕ್ಕ ಹಾಗೆ ನಿದ್ದೆ ಮಾಡಬಲ್ಲ ಮನಸ್ಸು ನನಗೆ ಇವತ್ತಿಗೂ ಬಂದಿಲ್ಲ. ಅರಸೀಕೆರೆ ಮುಟ್ಟುವ ತನಕ ಅವರಿಗೆ ಎಚ್ಚರವಾಗದ ಹಾಗೆ ಗಾಡಿ ಓಡಿಸಿದೆ. ಅಷ್ಟು ಚೆನ್ನಾಗಿ ನಾನು ಇನ್ನೊಮ್ಮೆ ಓಡಿಸಿಲ್ಲ.