ಅತ್ತಿಗೆಯ ಬಯಲು

ನನ್ನ ಅತ್ತಿಗೆ ಹಾಸಿಗೆ ಹೊಲಿಯುತ್ತಿದ್ದಳು. ಹೊಲಿಯುತ್ತಿದ್ದಳು ಎಂದು ಬರೆಯುವಾಗಲೇ ನನಗೆ ಸಿಟ್ಟು ಬರುತ್ತದೆ. ಅವಳೇನು ಸತ್ತಿಲ್ಲ, ಕೈಕಾಲು ಬಿದ್ದುಹೋಗಿಲ್ಲ, ಕಣ್ಣು ಮಂಜಾಗಿಲ್ಲ. ಈಗಲೂ ಕೈಗೊಂದು ದಬ್ಬಣ ಕೊಟ್ಟರೆ ಅಂಚು ಹಿಡಿದು ಗೆರೆ ಎಳೆದ ಹಾಗೆ ಹೊಲಿದು ಕೊಡುತ್ತಾಳೆ. ಆದರೆ ಹೊಲಿಯುವುದಿಲ್ಲ. ಯಾಕೆ ಎಂದು ಹೇಳುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಅವಳು ನನ್ನ ಅಣ್ಣನ ಹೆಂಡತಿ. ವಯಸ್ಸಿನಲ್ಲಿ ದೊಡ್ಡವಳಾದರೂ ನಾನು ಅವಳನ್ನು ಏಕವಚನದಲ್ಲೇ ಕರೆಯುವುದು. ಗಂಡನ ಮನೆ ಸಾಕಾಗಿ ನಾನೊಂದು ಚೀಲ ಹಿಡಿದು ಬಾಗಿಲಲ್ಲಿ ನಿಂತಾಗ ಅಣ್ಣ ಹುಬ್ಬು ಗಂಟಿಕ್ಕಿದ. ಇವಳು ಮಾತ್ರ ಏನು ಎತ್ತ ಎಂದು ಕೇಳಲಿಲ್ಲ. ತನ್ನ ಹಾಸಿಗೆಯ ಪಕ್ಕ ಇನ್ನೊಂದು ಹಾಸಿಗೆ ಬಿಡಿಸಿದಳು. ಅದು ಅವಳೇ ಹೊಲಿದದ್ದು. ಅಂಥ ನಿದ್ದೆ ನಾನು ವರ್ಷಗಳಿಂದ ಮಾಡಿರಲಿಲ್ಲ.

ಅವಳ ಕೆಲಸಕ್ಕೆ ಬೇಕಾದದ್ದು ಎರಡೇ, ಬಿಸಿಲು ಮತ್ತು ನೆಲ. ಜನ ಹಳೇ ಹಾಸಿಗೆ ಹೊತ್ತು ತರುತ್ತಿದ್ದರು. ಮಕ್ಕಳು ಒದ್ದೆ ಮಾಡಿದ್ದು, ಕಾಯಿಲೆಯವರು ಮಲಗಿ ತಗ್ಗು ಬಿದ್ದದ್ದು, ಗಂಡಹೆಂಡಿರ ಜಗಳದಲ್ಲಿ ಹರಿದದ್ದೂ ಇರುತ್ತಿತ್ತು. ಹೊಲಿಗೆ ಬಿಚ್ಚಿ, ಗಂಟು ಕಟ್ಟಿದ ಹತ್ತಿಯನ್ನು ಹೊರಗೆ ತೆಗೆದು, ಕೋಲಿನಿಂದ ಬಡಿದು, ದೊಡ್ಡ ಬಟ್ಟೆಯ ಮೇಲೆ ಹರಡಿ ಬಿಸಿಲಿಗೆ ಬಿಡಬೇಕು. ಒಣಗಿದ ಮೇಲೆ ಹಿಂಜಬೇಕು, ಆಮೇಲೆ ತುಂಬಬೇಕು. ಒಂದು ಹಾಸಿಗೆಯ ಹತ್ತಿ ಹರಡಿದರೆ ನಮ್ಮ ಮನೆಯಂಥ ಎರಡು ಮನೆಯ ನೆಲ ಬೇಕು. ನಮಗಿದ್ದದ್ದು ಒಂದೂವರೆ ಕೋಣೆ. ಆ ಅರ್ಧ ಕೋಣೆಯಲ್ಲಿ ಅಡುಗೆಯೂ ಆಗಬೇಕು, ಅಣ್ಣನ ಸಿಟ್ಟೂ ಆಗಬೇಕು.

ಹತ್ತಿ ಹರಡುತ್ತಿದ್ದದ್ದು ನಮ್ಮ ಬೀದಿಯ ಹಿಂದಿನ ಜಾಗದಲ್ಲಿ. ಅದಕ್ಕೆ ಬೇರೆ ಹೆಸರಿರಲಿಲ್ಲ, ಎಲ್ಲರೂ ಬಯಲು ಎನ್ನುತ್ತಿದ್ದರು. ಮಗು ಎಲ್ಲಿ ಎಂದರೆ ಬಯಲಿಗೆ ಹೋಗಿದೆ. ಅಜ್ಜ ಎಲ್ಲಿ ಎಂದರೆ ಬಯಲಲ್ಲಿ ಕೂತಿದ್ದಾರೆ. ಸೈಕಲ್ ಕಲಿಯುವುದು ಬಯಲಲ್ಲಿ, ಬಟ್ಟೆ ಒಣಹಾಕುವುದು ಬಯಲಲ್ಲಿ, ಮಾತು ಬಿಟ್ಟವರು ಮತ್ತೆ ಮಾತಾಡುವುದೂ ಬಯಲಲ್ಲೇ. ಹೊಸದಾಗಿ ಮದುವೆಯಾಗಿ ಬಂದ ಹೆಣ್ಣುಮಕ್ಕಳು "ಅತ್ತೆ ಬಯಲಿಗೆ ಹೋಗಿದ್ದಾರೆ" ಎಂಬ ಮಾತನ್ನು ಮೊದಲ ಸಲ ಕೇಳಿ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಗುತ್ತಿದ್ದರು. ಕೆಲವೇ ದಿನಕ್ಕೆ ತಾವೂ ಹಾಗೇ ಅನ್ನುತ್ತಿದ್ದರು. ಮಾತಿಗೆ ಇನ್ನೊಂದು ಅರ್ಥವಿದೆ ಎಂಬುದು ನಮಗೆ ಗೊತ್ತಿರಲಿಲ್ಲ ಎಂದಲ್ಲ. ಆಡಿ ಆಡಿ ಅದು ಸವೆದುಹೋಗಿತ್ತು.

ಆಗ ನಗರಸಭೆಗೆ ಒಂದು ಜ್ಞಾನೋದಯವಾಯಿತು. ಊರಿನ ಸಂರಕ್ಷಣೆ ಮತ್ತು ತೆರೆದ ಜಾಗಗಳ ನೀತಿಯನ್ನು ಅವರು ಮರುಪರಿಶೀಲನೆ ಮಾಡುತ್ತಾರಂತೆ. ಜನ ಬಳಸುತ್ತಿರುವ ಜಾಗ ಇದ್ದ ಹಾಗೇ ಜನರಿಗೆ ಉಳಿಯುತ್ತದೆ. ಯಾರೂ ಬಳಸದ ಜಾಗಕ್ಕೆ ಬೇಲಿ ಹಾಕಿ, ಹುಲ್ಲು ಬೆಳೆಸಿ, ನಗರಸಭೆಯೇ ಕಾಪಾಡುತ್ತದೆ. ಒಂದು ಸಮಿತಿ ಜಾಗ ಜಾಗಕ್ಕೂ ಬಂದು ನೋಡುತ್ತದೆ. ಕೇಳುವುದಕ್ಕೆ ಎಷ್ಟು ಚೆನ್ನಾಗಿತ್ತು ಎಂದರೆ ಅತ್ತಿಗೆ ಎರಡು ಸಲ ಕೇಳಿಸಿಕೊಂಡಳು. ನಮ್ಮ ಬಯಲನ್ನು ಬಳಸದವರು ಯಾರಿದ್ದಾರೆ, ಇನ್ನು ಭಯವಿಲ್ಲ ಎಂದು ಅವಳ ಲೆಕ್ಕ.

ಮೂಲೆಮನೆಯಲ್ಲಿ ಒಬ್ಬರು ನಿವೃತ್ತ ಗುಮಾಸ್ತರಿದ್ದಾರೆ. ಬೀದಿಯಲ್ಲಿ ಅವರನ್ನು ಸಾಹೇಬರು ಎಂದೇ ಕರೆಯುವುದು. ಇಡೀ ಆಯುಷ್ಯ ಇನ್ನೊಬ್ಬರನ್ನು ಸಾಹೇಬರೇ ಎಂದು ಕರೆದವರಿಗೆ ಅಷ್ಟಾದರೂ ಸಿಗಲಿ ಎಂದು ಯಾರೋ ಇಟ್ಟ ಹೆಸರು. ಸಮಿತಿ ಬರುವ ದಿನ ಜಾಗ ಲಕ್ಷಣವಾಗಿರಬೇಕು ಎಂದು ಅವರು ಅಪ್ಪಣೆ ಕೊಡಿಸಿದರು. ನಾವು ಮಾಡಿದ್ದು, ಮನೆಗೆ ಹೆಣ್ಣು ನೋಡಲು ಬರುತ್ತಾರೆ ಎಂದರೆ ಎಲ್ಲರೂ ಮಾಡುವಂಥದ್ದೇ. ಬಟ್ಟೆಯ ಹಗ್ಗ ಬಿಚ್ಚಿದೆವು. ಅಜ್ಜಂದಿರ ಕಲ್ಲು ಹಲಗೆ ಎಲ್ಲ ಎತ್ತಿ ಒಳಗಿಟ್ಟೆವು. ಮಕ್ಕಳನ್ನು ಗದರಿಸಿ ಮನೆಯಲ್ಲಿ ಕೂಡಿಹಾಕಿದೆವು. ಎಲ್ಲಕ್ಕೂ ಮುಂದೆ ನಿಂತವಳು ಅತ್ತಿಗೆ. ತನ್ನ ಹತ್ತಿಯ ಒಂದು ಎಳೆ ಕೂಡ ನೆಲದಲ್ಲಿ ಉಳಿಯಬಾರದೆಂದು ಬಗ್ಗಿ ಬಗ್ಗಿ ಆರಿಸಿದಳು.

ಸಮಿತಿ ಕಾರಿನಲ್ಲಿ ಬಂತು. ಕನ್ನಡಿಯಂತೆ ಗುಡಿಸಿದ ಬಯಲಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಇಲ್ಲಿ ಜನ ಬರುತ್ತಾರಾ ಎಂದು ಅಧ್ಯಕ್ಷರು ಕೇಳಿದರು. ಸಾಹೇಬರು ಕೈಕಟ್ಟಿ ನಿಂತು, "ಯಾರೂ ಬರಲ್ಲ ಸಾರ್. ಒಬ್ಬರೂ ಕಾಲಿಡದ ಹಾಗೆ ನೋಡ್ಕೊಂಡಿದೀವಿ" ಎಂದರು. ಅಧ್ಯಕ್ಷರು ತಲೆಯಾಡಿಸಿ ಕಾರು ಹತ್ತಿದರು. ಸಾಹೇಬರು ಆ ಸಂಜೆಯೆಲ್ಲ ಎದೆಯುಬ್ಬಿಸಿಕೊಂಡು ಓಡಾಡಿದರು.

ಆಮೇಲೆ ನೀತಿಯ ಕರಡು ಹೊರಬಂತು. ನಮ್ಮ ಬಯಲು ಬಳಕೆಯಲ್ಲಿಲ್ಲದ ಜಾಗಗಳ ಸಾಲಿನಲ್ಲಿತ್ತು. ಸಾಹೇಬರಿಗೆ ಅದೇ ಕ್ಷಣ ರಕ್ತದೊತ್ತಡ ಏರಿತು, ಇವತ್ತಿನವರೆಗೂ ಇಳಿದಿಲ್ಲ. ತಕರಾರಿದ್ದವರು ನಗರಸಭೆಯ ಸಭಾಂಗಣಕ್ಕೆ ಬಂದು ಹೇಳಬಹುದು, ಒಂದು ಜಾಗದ ಪರವಾಗಿ ಒಬ್ಬರು. ಬೀದಿಯ ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬನಿಗೆ ರಜೆ ಸಿಗುವುದಿಲ್ಲ, ಒಬ್ಬನಿಗೆ ಮೈಕು ಅಂದರೆ ಆಗುವುದಿಲ್ಲ. ಬಯಲು ಹೋದರೆ ಅನ್ನ ಹೋಗುವುದು ನಿಮಗೇ ಅಲ್ಲವಾ, ನೀವೇ ಹೇಳಿದರೆ ಸರಿ ಎಂದು ಅತ್ತಿಗೆಯನ್ನು ಮುಂದೆ ತಳ್ಳಿದರು. ಅಣ್ಣ ಬೇಡವೆಂದ. ಅವಳು ಹೂಂ ಅಂದಳು.

ಅವಳು ಶಾಲೆಯ ಮೆಟ್ಟಿಲು ಹತ್ತಿದ್ದು ಕಡಿಮೆ. ಆದರೆ ಹೇಳುವುದೆಲ್ಲ ಅವಳಿಗೆ ಗೊತ್ತಿತ್ತು. ಹೊಲಿಯುತ್ತಾ ಹೊಲಿಯುತ್ತಾ ಗೋಡೆಗೆ ಹೇಳುತ್ತಿದ್ದಳು. ಯಾರು ಯಾರು ಬರುತ್ತಾರೆ, ಮಕ್ಕಳಿಗೆ ಬೇರೆ ಎಲ್ಲಿ ಜಾಗವಿದೆ, ತನ್ನ ಹತ್ತಿಗೆ ನಡುಮಧ್ಯಾಹ್ನದ ಬಿಸಿಲು ಯಾಕೆ ಬೇಕು, ಸಮಿತಿ ಬಂದ ದಿನ ಮರ್ಯಾದೆಗೆಂದು ಖಾಲಿ ಮಾಡಿಸಿದ್ದೇ ತಪ್ಪಾಯಿತು ಎಂದೆಲ್ಲ. ನಾನು ಲಾಂಡ್ರಿಯ ಕೆಲಸ ಮುಗಿಸಿ ಬಂದ ಮೇಲೆ ನನ್ನೆದುರು ನಿಂತು ಹೇಳಿ ತೋರಿಸುತ್ತಿದ್ದಳು. ಚೆನ್ನಾಗಿ ಹೇಳುತ್ತಿದ್ದಳು, ನನ್ನಾಣೆ.

ಸಭಾಂಗಣದಲ್ಲಿ ಮೆತ್ತನೆಯ ಕುರ್ಚಿಗಳು, ಪ್ರತಿ ಮೇಜಿನ ಮೇಲೂ ನೀರಿನ ಬಾಟಲಿ. ನಮಗಿಂತ ಮೊದಲು ಇನ್ನೊಂದು ಬಡಾವಣೆಯ ಹೆಂಗಸೊಬ್ಬರು ಅಲ್ಲಿಯ ಕೆರೆದಂಡೆಗೆ ಬರುವ ಹಕ್ಕಿಗಳ ಫೋಟೋಗಳನ್ನು ಪರದೆಯ ಮೇಲೆ ತೋರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಹಕ್ಕಿಗಳು ಚೆನ್ನಾಗಿದ್ದವು. ಆಮೇಲೆ ನಮ್ಮ ಬೀದಿಯ ಹೆಸರು ಕೂಗಿದರು. ಒಗೆದು ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಅತ್ತಿಗೆ ಎದ್ದು ಹೋಗಿ ಮೈಕು ಹಿಡಿದು ನಿಂತಳು. ನಮ್ಮ ಬೀದಿಯವರು ಹಿಂದಿನ ಎರಡು ಸಾಲು ತುಂಬಿಸಿ ಕೂತಿದ್ದರು.

ಈ ಜಾಗವನ್ನು ಯಾರೂ ಬಳಸುವುದಿಲ್ಲ ಎಂದು ವರದಿ ಇದೆಯಲ್ಲಮ್ಮ, ನೀವೇನು ಹೇಳುತ್ತೀರಿ ಎಂದು ಅಧ್ಯಕ್ಷರು ಕೇಳಿದರು. ಅತ್ತಿಗೆ ಗೋಡೆಗೆ ಹೇಳಿದ್ದೆಲ್ಲ ಎಲ್ಲಿ ಹೋಯಿತೋ, ದಿನಾ ಬಾಯಲ್ಲಿ ಆಡುವುದೇ ಮೊದಲು ಬಂತು.

"ಸುಳ್ಳು ಸಾರ್. ನಾವೆಲ್ಲ ದಿನಾ ಬಯಲಿಗೆ ಹೋಗ್ತೀವಿ."

ನಾನು ನಾಲಿಗೆ ಕಚ್ಚಿಕೊಂಡೆ. ಅಧ್ಯಕ್ಷರು ಅಕ್ಕಪಕ್ಕ ನೋಡಿ, ತುಟಿಯಂಚಿನಲ್ಲೇ ನಕ್ಕು, ಮೈಕಿನ ಹತ್ತಿರ ಬಾಗಿದರು.

"ಅದನ್ನ ಇಷ್ಟು ಧೈರ್ಯವಾಗಿ ಹೇಳ್ತೀರಲ್ಲಮ್ಮ. ಮನೇಲಿ ವ್ಯವಸ್ಥೆ ಇಲ್ವಾ?"

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಹಕ್ಕಿಗಳ ಹೆಂಗಸು ಕೂಡ ನಕ್ಕರು. ಅತ್ತಿಗೆಗೆ ತಕ್ಷಣ ಅರ್ಥವಾಗಲಿಲ್ಲ. ಆದಾಗ ಕಿವಿಯವರೆಗೆ ಕೆಂಪಾದಳು. ಹಾಗಲ್ಲ ಸಾರ್, ನಾನು ಹೇಳಿದ್ದು ಅದಲ್ಲ ಎಂದು ತಡವರಿಸಿ, "ನಾನು ಹತ್ತಿ ತಗೊಂಡು ಹೋಗ್ತೀನಿ ಸಾರ್" ಎಂದಳು.

"ಹತ್ತಿ ಯಾಕೆ, ನೀರು ಸಾಲಲ್ವಾ?" ಎಂದು ಹಿಂದಿನಿಂದ ಒಂದು ದನಿ ಬಂತು.

ಆ ದನಿ ನಮ್ಮ ಸಾಲಿನದು. ನಮ್ಮ ಬೀದಿಯದು. ಬಯಲು ಅಂದರೆ ಏನೆಂದು ಹುಟ್ಟಿದಾಗಿನಿಂದ ಗೊತ್ತಿದ್ದ, ಅವಳು ಹೊಲಿದ ಹಾಸಿಗೆಯ ಮೇಲೆ ಮಲಗುವ ಮನುಷ್ಯನದು. ಆಮೇಲೆ ಕೇಳಿದರೆ, ಸುಮ್ಮನೆ ತಮಾಷೆಗೆ, ಬಾಯಿಗೆ ಬಂತು ಅಂದ. ಎರಡು ಸಾಲೂ ಹೊಟ್ಟೆ ಹಿಡಿದುಕೊಂಡು ನಕ್ಕವು. ಯಾರನ್ನು ಯಾರಿಗಾಗಿ ಮಾತಾಡಿಸಲು ಬಂದಿದ್ದೇವೆ ಎಂಬುದು ಆ ನಗುವಿನಲ್ಲಿ ಯಾರಿಗೂ ನೆನಪಿರಲಿಲ್ಲ. ನಗರಸಭೆಯವರನ್ನಾದರೂ ನಾನು ಒಂದು ದಿನ ಕ್ಷಮಿಸಿಯೇನು, ಅವರಿಗೆ ಗೊತ್ತಿರಲಿಲ್ಲ. ಈ ಎರಡು ಸಾಲನ್ನು ಮಾತ್ರ ಸಾಯುವವರೆಗೂ ಕ್ಷಮಿಸುವುದಿಲ್ಲ.

ಅತ್ತಿಗೆ ಮೈಕನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು ಬಂದು ನನ್ನ ಪಕ್ಕ ಕೂತಳು. ನಾನು ಎದ್ದು, ಸಾರ್ ಅವರು ಹೇಳಿದ್ದು ಬೇರೆ ಎಂದು ಶುರುಮಾಡಿದೆ. ಒಂದು ಜಾಗಕ್ಕೆ ಒಬ್ಬರೇ ಎಂದು ಕೂರಿಸಿದರು. ಅಧ್ಯಕ್ಷರ ಪಕ್ಕದಲ್ಲಿದ್ದ ಆರೋಗ್ಯಾಧಿಕಾರಿ ಏನೋ ಬರೆದುಕೊಳ್ಳುತ್ತಿದ್ದರು. ಮುಂದಿನ ಬೀದಿಯ ಹೆಸರು ಕೂಗಿದರು. ಅವಳು ಮನೆಗೆ ಬಂದು ಬಟ್ಟೆ ಬದಲಾಯಿಸಿ ಪಾತ್ರೆ ತಿಕ್ಕಲು ಕೂತಳು. "ನಿನಗೆ ಬೇಕಿತ್ತಾ ಇದು?" ಎಂದ ಅಣ್ಣ. ನಾನು ಅವನ ಮೇಲೆ ಹರಿಹಾಯ್ದೆ. ಅವಳು ಪಾತ್ರೆ ತಿಕ್ಕುತ್ತಲೇ ಇದ್ದಳು.

ಬಯಲಿಗೆ ಬೇಲಿ ಬಂತು, ಗೇಟು ಬಂತು, ಸಂರಕ್ಷಿತ ತೆರೆದ ಜಾಗ ಎಂಬ ಬೋರ್ಡೂ ಬಂತು. ತೆರೆದ ಜಾಗ ತೆರೆಯುವುದು ಬೆಳಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು. ಬಿಸಿಲಿರುವಷ್ಟು ಹೊತ್ತೂ ಬೀಗ. ಒಳಗೆ ಹುಲ್ಲು ಹಾಸಿ ಅದಕ್ಕೆ ಇಡೀ ದಿನ ನೀರು ಚಿಮ್ಮಿಸಿದರು. ಸಭೆಯಲ್ಲಿ ನಕ್ಕವರ ಮಕ್ಕಳು ಈಗ ರಸ್ತೆಯಲ್ಲಿ ಲಾರಿಗಳ ನಡುವೆ ಚೆಂಡಾಡುತ್ತಾರೆ. ಅಜ್ಜಂದಿರು ಮನೆಯಲ್ಲೇ ಕೂತು ಸೊಸೆಯಂದಿರ ತಲೆ ತಿನ್ನುತ್ತಾರೆ.

ಅತ್ತಿಗೆ ಅಷ್ಟಕ್ಕೇ ಕೈಬಿಡಲಿಲ್ಲ. ರಸ್ತೆ ಬದಿಯಲ್ಲಿ ಹರಡಿ ನೋಡಿದಳು, ಧೂಳು ಹಿಡಿಯಿತು. ತಾರಸಿಯ ಮೇಲೆ ಹಾಕಿದಳು, ಗಾಳಿಗೆ ಹತ್ತಿ ಹಾರಿ ಮನೆ ಮಾಲೀಕರ ನೀರಿನ ಟ್ಯಾಂಕಿಗೆ ಬಿತ್ತು, ಅವರು ತಾರಸಿಗೆ ಬೀಗ ಹಾಕಿಕೊಂಡರು. ಕೊನೆಗೆ ಕೋಣೆಯೊಳಗೆ ಫ್ಯಾನಿನ ಕೆಳಗೆ ಸ್ವಲ್ಪ ಸ್ವಲ್ಪವಾಗಿ ಹರಡಿದಳು. ನಾವು ಮೂವರೂ ಹತ್ತಿಯ ಅಂಚಿನಲ್ಲಿ ಗೋಡೆಗೆ ಒತ್ತಿಕೊಂಡು ಮಲಗುತ್ತಿದ್ದೆವು, ಅಣ್ಣ ಕೆಮ್ಮುತ್ತಿದ್ದ. ಹಾಗೆ ಒಣಗಿಸಿ ಹೊಲಿದುಕೊಟ್ಟ ಹಾಸಿಗೆಯನ್ನು ಒಬ್ಬ ಬಾಣಂತಿಯ ಮನೆಯವರು ವಾಪಸ್ಸು ತಂದರು. ಮುಗ್ಗಲು ವಾಸನೆ, ಕೂಸು ಮಲಗುತ್ತಿಲ್ಲ ಎಂದರು. ಜೋರು ಮಾಡಲಿಲ್ಲ ಪಾಪ, ಸಂಕೋಚದಿಂದಲೇ ಹೇಳಿದರು. ಅವಳು ಹೊಲಿದ ಹಾಸಿಗೆ ಹಿಂದಕ್ಕೆ ಬಂದದ್ದು ಅದೇ ಮೊದಲು. ಅತ್ತಿಗೆ ಅದಕ್ಕೆ ಮುಖ ಒತ್ತಿ ಮೂಸಿ ನೋಡಿದಳು. ಅಂದಿನಿಂದ ಯಾರು ಹಾಸಿಗೆ ತಂದರೂ ಕೈನೋವು, ಆಗಲ್ಲ ಎಂದು ಕಳಿಸಿಬಿಟ್ಟಳು. ಜಾಗವಿಲ್ಲ ಎಂದು ಒಬ್ಬರಿಗೂ ಹೇಳಲಿಲ್ಲ.

ನಗರಸಭೆ ಮಾತ್ರ ಅವಳ ಮಾತನ್ನು ಮರೆತಿರಲಿಲ್ಲ. ಜನ ಬಯಲಿಗೆ ಹೋಗುತ್ತಾರೆ ಎಂದು ಆರೋಗ್ಯಾಧಿಕಾರಿ ಬರೆದುಕೊಂಡಿದ್ದರಲ್ಲ, ಬೇಲಿಯ ಮೂಲೆಯಲ್ಲಿ ಒಂದು ಸಾರ್ವಜನಿಕ ಶೌಚಾಲಯ ಎದ್ದು ನಿಂತಿತು. ನಮ್ಮ ಬೀದಿಯ ಪ್ರತಿ ಮನೆಯಲ್ಲೂ ಒಂದೊಂದಿದೆ, ಇದು ಯಾರಿಗೆ ಎಂದು ಯಾರೂ ಕೇಳಲಿಲ್ಲ. ಉದ್ಘಾಟನೆಗೆ ಅಧ್ಯಕ್ಷರೇ ಬಂದರು. ಈ ತಾಯಿ ಧೈರ್ಯದಿಂದ ಸತ್ಯ ಹೇಳಿದ್ದರಿಂದಲೇ ಇದೆಲ್ಲ ಆಯಿತು ಎಂದು ಭಾಷಣ ಮಾಡಿ, ಗುಂಪಿನಲ್ಲಿದ್ದ ಅತ್ತಿಗೆಯನ್ನು ಮುಂದೆ ಕರೆಸಿ ಕೈಗೆ ಕತ್ತರಿ ಕೊಟ್ಟರು. ಅವಳು ರಿಬ್ಬನ್ ಕತ್ತರಿಸಿದಳು. ಮೊದಲು ನೀವೇ ಹೋಗಿ ಬನ್ನಿ ಎಂದು ಯಾರೋ ಅಂದರು, ಎಲ್ಲರೂ ನಕ್ಕರು, ಫೋಟೋದವನು ಮುಂದೆ ಬಂದ. ನನಗೆ ಮೈಯೆಲ್ಲ ಉರಿದುಹೋಯಿತು. ಅವಳ ರಟ್ಟೆ ಹಿಡಿದು, ಈಗಲಾದರೂ ಇವರಿಗೆ ಹೇಳು, ನಾನು ಅಂದದ್ದು ಇದಲ್ಲ ಅನ್ನು ಎಂದು ಕಿವಿಯಲ್ಲಿ ಹೇಳಿದೆ. ಅವಳು ನನ್ನ ಕೈ ಬಿಡಿಸಿಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಕಾರುಗಳು ಹೋದವು, ಜನ ಕರಗಿದರು. ನಾನು ಬಾಗಿಲಲ್ಲೇ ನಿಂತಿದ್ದೆ. ಹೊರಗೆ ಬಂದಾಗ ಅವಳು ಮುಖ ತೊಳೆದುಕೊಂಡಿದ್ದಳು, ಆದರೂ ಕಣ್ಣು ಊದಿದ್ದು ಕಾಣುತ್ತಿತ್ತು. ನಾನು ಬೈಯಲು ಬಾಯಿ ತೆರೆದೆ. ಅವಳೇ ಮೊದಲು ಮಾತಾಡಿದಳು.

"ಇಲ್ಲಿ ಬಾಗಿಲಲ್ಲಿ ಕೂರೋಕೆ, ತೊಳೆಯೋಕೆ ಒಬ್ಬರು ಬೇಕಂತೆ. ಕತ್ತರಿ ಕೊಡುವಾಗ ಅಧ್ಯಕ್ಷರು ಹೇಳಿದ್ರು. ನಾನೇ ಬರ್ತೀನಿ ಅಂದೆ."

ನಿನಗೇನು ತಲೆ ಕೆಟ್ಟಿದೆಯಾ, ಆಡಿಕೊಂಡವರ ಮುಂದೆಯೇ ಬಂದು ಕೂರುತ್ತೀಯಾ ಎಂದು ಕೂಗಾಡಿದೆ.

"ಅವರು ಆಡ್ಕೊಂಡ್ರು. ಹೊಟ್ಟೆಗೇನು ಅವರು ಹಾಕ್ತಾರಾ?"

ಮರುದಿನ ಬೆಳಗ್ಗೆ ಅವಳು ಬಕೆಟ್ಟು ಪೊರಕೆ ಹಿಡಿದು ಕೆಲಸಕ್ಕೆ ಹೋದಳು. ಈಗಲೂ ಹೋಗುತ್ತಾಳೆ. ಅವಳ ಕುರ್ಚಿ ಇರುವುದು ಬೇಲಿಗೆ ಆತುಕೊಂಡು. ಬಿಸಿಲು ಹುಲ್ಲಿನ ಮೇಲೆ ಬಿದ್ದು ಇಡೀ ದಿನ ಅಲ್ಲೇ ಹಾಳಾಗುತ್ತದೆ. ಅವಳು ಆ ಕಡೆಗೆ ಬೆನ್ನು ಹಾಕಿ ಕೂರುತ್ತಾಳೆ.