ಎದುರು ಸುತ್ತು

ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಕಾವಲಿಯ ಮೇಲೆ ಬಾಡಿಸಿದರೆ ಒಂದು ವಾಸನೆ ಏಳುತ್ತದೆ. ಹಸಿರು ಸುಟ್ಟ ಹಾಗೆ, ಸ್ವಲ್ಪ ಕಹಿ, ಸ್ವಲ್ಪ ಜಿಡ್ಡು. ಒಳ್ಳೆಯ ವಾಸನೆ ಎಂದು ಯಾರೂ ಹೇಳಲಾರರು. ಕಣ್ಣಿನ ಆಪರೇಷನ್ ಆಗಿ ಮಳೆಗಾಲವೆಲ್ಲ ಮನೆಯೊಳಗೆ ಕೂತಿದ್ದ ನಾನು ಹೋದ ವಾರ ಮತ್ತೆ ಓಡಲು ಹೊರಟೆ. ಆತುರ ಮಾಡಿದೆ, ಕಾಲ್ಗಿಣ್ಣು ಹಿಡಿದುಕೊಂಡಿತು. ಮೊನ್ನೆ ಸಂಜೆ ಶಾಖ ಕೊಡಲು ಎಲೆ ಬಾಡಿಸುತ್ತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ಒಲೆಯ ಮುಂದೆ ನಿಂತವಳು ನಕ್ಕುಬಿಟ್ಟೆ. ಎದುರುಮನೆಯ ಅಕ್ಕ ನೆನಪಾದರು.

ಆಲೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾಗಿ, ನಾನೂ ನಮ್ಮ ಯಜಮಾನರೂ ಕೆ. ಹೊಸಕೋಟೆಯ ಕಡೆ ಮನೆ ಮಾಡಿದ ವರ್ಷದ ಮಾತು ಇದು. ಅಕ್ಕ ಕಾಫಿ ಬೆಳೆಗಾರರ ಮನೆಯವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಅವರ ಯಜಮಾನರಿಗೆ ಸ್ಟೇರಿಂಗ್ ಹಿಡಿದರೆ ಕೈ ನಡುಗುತ್ತಿತ್ತು. ಹಾಗಾಗಿ ಮನೆಯ ಜೀಪು ಓಡಿಸುತ್ತಿದ್ದವರು ಅಕ್ಕನೇ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಯಲ್ಲಿ ಎಲೆ ಅಡಿಕೆ ತುಂಬಿಕೊಂಡು, ಕೂಗಿದರೆ ಕೇಳಿಸುವಷ್ಟು ಹತ್ತಿರದ ಹಾಲಿನ ಡೈರಿಗೂ ಜೀಪಿನಲ್ಲೇ ಹೋಗುತ್ತಿದ್ದರು.

"ದೇವ್ರು ನಂಗೆ ಕಾಲು ಕೊಟ್ಟಿರೋದು ಕ್ಲಚ್ಚು ತುಳಿಯಕ್ಕೆ ಕಣ್ರೀ ಟೀಚರಮ್ಮ" ಎನ್ನುತ್ತಿದ್ದರು. "ನಿಮ್ಗೆ ಯಾಕೆ ಕೊಟ್ನೋ ನೋಡ್ಬೇಕು."

ನನಗೆ ಯಾಕೆ ಕೊಟ್ಟನೆಂಬುದು ನನಗೆ ಗೊತ್ತಿತ್ತು. ನಾನು ಬೆಳೆದದ್ದು ಹಾಸ್ಟೆಲಿನಲ್ಲಿ. ಏಳುವುದು, ತಿನ್ನುವುದು, ಓದುವುದು ಎಲ್ಲಕ್ಕೂ ಗಂಟೆ. ಮೊದಲ ಗಂಟೆ ಹೊಡೆಯುವ ಮುಂಚೆ ಎದ್ದು ಮೈದಾನ ಸುತ್ತಿ ಓಡುತ್ತಿದ್ದೆ. ಇಡೀ ದಿನದಲ್ಲಿ ಅದೊಂದು ಹೊತ್ತು ನನ್ನದಾಗಿತ್ತು. ಆಮೇಲೆ ಕೆಲಸ, ಮನೆ, ಮಕ್ಕಳು, ಬಸ್ಸು... ಓಟ ಎಲ್ಲಿ ನಿಂತಿತೋ ನೆನಪಿಲ್ಲ. ನಿವೃತ್ತಿಯ ಹಣ ಕೈಗೆ ಬಂದಾಗ ಮೊದಲು ಮಾಡಿದ ಕೆಲಸ, ಸಕಲೇಶಪುರಕ್ಕೆ ಹೋಗಿ ಒಂದು ಜೊತೆ ಕ್ಯಾನ್ವಾಸ್ ಶೂ ತಂದದ್ದು.

ಓಡಲು ಇದ್ದದ್ದು ಒಂದೇ ದಾರಿ. ನಮ್ಮ ಮನೆಗಳ ಹಿಂದೆ ಒಂದು ಗುಡ್ಡ, ಅದರ ನೆತ್ತಿಯಲ್ಲಿ ಗುಡ್ಡದಮ್ಮನ ಕಲ್ಲು. ಗುಡ್ಡದ ಮಗ್ಗುಲು ಕೊರೆದು, ತೋಟದ ಗಾಡಿಗಳಿಗಾಗಿ ಸುತ್ತಲೂ ಮಣ್ಣಿನ ದಾರಿ ಮಾಡಿದ್ದರು. ಆ ದಾರಿಯಲ್ಲಿ ಯಾರೇ ಹೋಗಲಿ, ಗುಡ್ಡವನ್ನು ಬಲಕ್ಕೆ ಇಟ್ಟುಕೊಂಡೇ ಹೋಗಬೇಕು. ಅದು ಪ್ರದಕ್ಷಿಣೆ. ಎದುರು ಸುತ್ತು ಬರುವುದು ಸಾವಿನ ಕಾರ್ಯಕ್ಕೆ ಮಾತ್ರ ಎಂದು ಊರಿನ ನಂಬಿಕೆ. ಹುಲ್ಲು ಹೊತ್ತವರು, ಟ್ರಾಕ್ಟರು, ಅಕ್ಕನ ಜೀಪು, ಎಲ್ಲಕ್ಕೂ ಒಂದೇ ದಿಕ್ಕು. ನನಗೂ ಅದು ಒಗ್ಗಿತು. ಕ್ರಮ ಎಂದರೆ ನನಗೆ ಇಷ್ಟವೇ.

ದೀಪಾವಳಿ ಕಳೆದು ಶುರು ಮಾಡಿದೆ. ಸಂಕ್ರಾಂತಿಯ ಹೊತ್ತಿಗೆ ಎಡ ಕಾಲ್ಗಿಣ್ಣಿನ ಹೊರಮಗ್ಗುಲಲ್ಲಿ ನೋವು. ಬಿಟ್ಟರೆ ಹೋಗುತ್ತಿತ್ತು, ಓಡಿದರೆ ಬರುತ್ತಿತ್ತು. ಸಕಲೇಶಪುರದ ಡಾಕ್ಟರು, ಇಷ್ಟು ವರ್ಷ ಸುಮ್ಮನಿದ್ದ ಕಾಲು, ಮೊದಲು ನಡೆಯಿರಿ, ಆಮೇಲೆ ಸ್ವಲ್ಪ ಸ್ವಲ್ಪ ಓಡಿ ಎಂದರು. ಹೇಳಿದ್ದನ್ನು ತಪ್ಪದೆ ಮಾಡಿದೆ. ಸಂಜೆ ಅಕ್ಕ ಎಕ್ಕದ ಎಲೆ ಬಾಡಿಸಿ ತಂದು ಕಟ್ಟುತ್ತಿದ್ದರು. ಆದರೂ ಓಡಿದ ಮೂರನೆಯ ದಿನಕ್ಕೆ ನೋವು ಹಾಜರು. ನಮ್ಮ ಯಜಮಾನರು, ನಡೆದರೆ ಸಾಲದೇ, ಓಡಲೇಬೇಕೇ ಎಂದರು. ಶಿವರಾತ್ರಿಯೊಳಗೆ ನೋವು ಹೋಗದಿದ್ದರೆ ಶೂ ಯಾರಿಗಾದರೂ ಕೊಟ್ಟುಬಿಡುವುದೆಂದು ತೀರ್ಮಾನಿಸಿದೆ. ಹೇಳಿದ್ದು ಗಟ್ಟಿಯಾಗಿ. ಒಳಗೆ ಮಾತ್ರ, ಸಿಕ್ಕಿದ್ದು ಮತ್ತೆ ಕೈ ಬಿಟ್ಟು ಹೋಗುತ್ತಿದೆ ಎಂಬ ಸಂಕಟ.

ಕಾಫಿ ಕುಯ್ಲು ಜೋರಾಗಿದ್ದ ದಿನಗಳು. ಒಂದು ಸಂಜೆ ಅಕ್ಕ ಎಲೆ ಕಟ್ಟುತ್ತಾ ಜೀಪಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದರು.

"ಎಡಗಡೆ ಟೈರು ಮಾತ್ರ ಸವೀತಾವೆ ಕಣ್ರೀ. ಬಲಗಡೆವು ಹೊಸವು ಇದ್ದಂಗವೆ. ಆ ಮೆಕಾನಿಕ್ ವರ್ಷ ವರ್ಷ ಆ ಕಡೇದು ಈ ಕಡೆ ಹಾಕ್ತಾನೆ, ನನ್ ಮುಖ ನೋಡಿ ನಗ್ತಾನೆ."

ನಾನು ಎದ್ದು ಹೋಗಿ ಶೂ ತಂದು ತಲೆಕೆಳಗೆ ಮಾಡಿ ನೋಡಿದೆ. ಎಡಗಡೆಯದರ ಹೊರ ಅಂಚು ಸವೆದಿತ್ತು, ಬಲದ್ದು ನೆಟ್ಟಗಿತ್ತು. ದಾರಿ ಎಡಕ್ಕೆ, ಕಣಿವೆಯ ಕಡೆಗೆ ವಾಲಿತ್ತು. ದಿನವೂ ಒಂದೇ ದಿಕ್ಕಿಗೆ ಓಡಿದರೆ ಎಡಗಾಲು ಸದಾ ತಗ್ಗಿನಲ್ಲಿ ಬಿದ್ದು ಹೊರಕ್ಕೆ ಹೊರಳಬೇಕು. ಜೀಪಿಗೂ ನನಗೂ ಒಂದೇ ಕಾಯಿಲೆ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

"ಟೈರಾದ್ರೆ ಬಿಚ್ಚಿ ಹಾಕ್ತಾನೆ. ನಿಮ್ ಕಾಲ್ನ ಏನ್ ಮಾಡಾದು?"

"ದಿನ ಬಿಟ್ಟು ದಿನ ಎದುರು ಸುತ್ತು ಓಡ್ತೀನಿ ಅಕ್ಕ."

ಅವರ ನಗು ನಿಂತಿತು. "ಬ್ಯಾಡಿ ಕಣ್ರೀ. ಅಮ್ಮಂಗೆ ಅಪ್ರದಕ್ಷಿಣೆ ಆಗ್ತೈತೆ." ಒಂದು ದಿನ ಎಡಕ್ಕೆ, ಮರುದಿನ ಬಲಕ್ಕೆ ಹೋದರೆ ಲೆಕ್ಕ ಸಮ ಆಗುತ್ತದಲ್ಲ ಎಂದು ನಾನು ಗಣಿತ ಹೇಳಿದೆ. ಅವರು ಒಪ್ಪಲಿಲ್ಲ. ಎಲೆಯ ಗಂಟು ಬಿಗಿದು ಎದ್ದು ಹೋದರು. ಊರಿನ ಮಾತನ್ನಾದರೂ ದಾಟಬಹುದಿತ್ತು, ಅಕ್ಕನ ಮನಸ್ಸು ನೋಯಿಸಿ ಓಡುವುದು ನನ್ನಿಂದ ಆಗುತ್ತಿರಲಿಲ್ಲ. ಆ ರಾತ್ರಿ ಶೂಗಳನ್ನು ಒರೆಸಿ ಕಪಾಟಿನಲ್ಲಿಟ್ಟೆ.

ಬೆಳಗಾಗುತ್ತಲೇ ಬಾಗಿಲು ಬಡಿದರು. ಯಜಮಾನರ ಹಳೆಯ ಸ್ವೆಟರು, ತಲೆಗೆ ಮಫ್ಲರು, ಕೈಯಲ್ಲಿ ಕೋಲು.

"ನಡೀರಿ. ನೀವು ಎದುರು ಸುತ್ತು ಬನ್ನಿ, ನಾನು ಬಲಸುತ್ತು ಬತ್ತೀನಿ. ಒಂದಕ್ಕೊಂದು ಹೊಡ್ಕಂಡು ಹೋಗ್ತೈತೆ."

"ನಾನು ಹೇಳಿದ್ದೂ ಅದೇ ಲೆಕ್ಕ ಅಲ್ವಾ ಅಕ್ಕ?"

"ನಿಮ್ದು ನಾಳಿಕ್ಕೆ ತೀರಾದು. ಅಮ್ಮನ ಹತ್ರ ಬಾಕಿ ಇಟ್ಕಂಡು ಮಲಗಕ್ಕಾಗಲ್ಲ. ಅವತ್ತಿಂದು ಅವತ್ತೇ ತೀರ್ಬೇಕು."

ಡೈರಿಗೂ ಜೀಪಿನಲ್ಲಿ ಹೋಗುತ್ತಿದ್ದವರು ದಿನ ಬಿಟ್ಟು ದಿನ ಗುಡ್ಡ ಸುತ್ತತೊಡಗಿದರು. ನಡೆಯುತ್ತಾ ಗುಡ್ಡದಮ್ಮನಿಗೆ ಊರಿನ ಸುದ್ದಿಯೆಲ್ಲ ಗಟ್ಟಿಯಾಗಿ ಹೇಳುವುದು ಅವರ ಪದ್ಧತಿಯಾಯಿತು. ಯಾರ ಮನೆಯ ಹಸು ಕರು ಹಾಕಿತು, ಯಾರ ಸೊಸೆ ಮುನಿಸಿಕೊಂಡು ಹೋದಳು... ಗುಡ್ಡದ ಹಿಂದಿನ ಹಲಸಿನ ಮರದ ತಿರುವಿನಲ್ಲಿ ನಾವು ಎದುರಾಗುತ್ತಿದ್ದೆವು. ಮುಖ ಕಾಣುವ ಮೊದಲೇ ಸುದ್ದಿ ಕೇಳಿಸುತ್ತಿತ್ತು. ಕಂಡ ಕೂಡಲೇ ಕೋಲು ಎತ್ತಿ, "ಓಡ್ತಾ ಇದೀರೋ, ನಿಂತಲ್ಲೇ ಕುಣೀತಾ ಇದೀರೋ?" ಎನ್ನುತ್ತಿದ್ದರು. ನನಗೆ ನಗು ತಡೆಯದೆ ಓಟದ ಲಯ ತಪ್ಪುತ್ತಿತ್ತು. ಬೇರೆ ಯಾರಾದರೂ ತಪ್ಪಿಸಿದ್ದರೆ ಬೈಯುತ್ತಿದ್ದೆ.

ಶಿವರಾತ್ರಿಗೆ ಇನ್ನು ಕೆಲವೇ ದಿನ ಇದ್ದಾಗ, ಒಂದು ಬೆಳಿಗ್ಗೆ ಆ ತಿರುವಿನಲ್ಲಿ ಅಕ್ಕ ಎಂದಿನ ಹಾಸ್ಯ ಬಿಟ್ಟು, "ಕಾಲು ಹೆಂಗೈತೆ?" ಎಂದರು.

"ಯಾವ ಕಾಲು?" ಎಂದೆ.

ಹೇಳಿದ ಮೇಲೆ ನನಗೇ ತಿಳಿದದ್ದು. ಆವತ್ತು ಎದ್ದಾಗಿನಿಂದ ಕಾಲಿನ ನೆನಪೇ ಬಂದಿರಲಿಲ್ಲ. ಅಕ್ಕ ಕೋಲು ಕೆಳಗೆ ಹಾಕಿ, ಎರಡೂ ಕೈ ಎತ್ತಿ ಗುಡ್ಡದ ನೆತ್ತಿಗೆ ಮುಗಿದರು. "ಹಂಗಾರೆ ಹೋಗ್ಬುಡ್ತು" ಎಂದರು. ಆಮೇಲೆ, ಇನ್ನು ನೀವು ನಡೆಯುವ ಅಗತ್ಯವಿಲ್ಲ ಎಂದು ನಾನು ಹೇಳಲೂ ಇಲ್ಲ, ಅವರು ಕೇಳಲೂ ಇಲ್ಲ. ವರ್ಷಗಟ್ಟಲೆ ಹಾಗೆಯೇ ನಡೆಯಿತು. ನಮ್ಮಿಬ್ಬರ ಕಾಲೂ ಗಟ್ಟಿಯಾಯಿತು.

ಹೋದ ವರ್ಷ ಕಾಫಿ ಹೂವಾಗಿದ್ದ ಸಮಯದಲ್ಲಿ ಅಕ್ಕ ತೀರಿಕೊಂಡರು. ಸಣ್ಣ ಜ್ವರ ಎಂದು ಮಲಗಿದವರು ಏಳಲಿಲ್ಲ... ಆಮೇಲೆ ಹೋದ ವಾರದವರೆಗೂ ನಾನು ಗುಡ್ಡದ ದಾರಿ ಹಿಡಿಯಲಿಲ್ಲ. ಕಣ್ಣಿನ ಆಪರೇಷನ್ ಒಂದು ನೆಪವಾಯಿತು. ಹೋದ ವಾರ ಹೊರಟಾಗಲೂ ಬಲಸುತ್ತು ಮಾತ್ರ ಓಡಿದ್ದೆ.

ಇವತ್ತು ಬೆಳಿಗ್ಗೆ ನೋವು ಇಳಿದಿತ್ತು. ಸ್ವಲ್ಪ ನಡೆದು, ಸ್ವಲ್ಪ ಓಡಿ, ಎದುರು ಸುತ್ತು ಬಂದೆ. ಹಲಸಿನ ಮರದ ತಿರುವಿನಲ್ಲಿ ಕಾಲು ತಾನಾಗಿ ನಿಧಾನವಾಯಿತು. ಯಾರೂ ಬರಲಿಲ್ಲ. ಮನೆಯ ಮುಂದೆ ಬಂದು ಲೇಸು ಬಿಚ್ಚಲು ಬಗ್ಗಿದವಳು ಹಾಗೆಯೇ ಎದ್ದು ನಿಂತೆ. ಇವತ್ತಿನದು ಇನ್ನೂ ತೀರಿರಲಿಲ್ಲ. ಗುಡ್ಡವನ್ನು ಬಲಕ್ಕೆ ಇಟ್ಟುಕೊಂಡು ಅಕ್ಕನ ಸುತ್ತು ಹೊರಟೆ. ಓಡಲಿಲ್ಲ. ಅವರಷ್ಟೇ ನಿಧಾನವಾಗಿ, ಅಲ್ಲಲ್ಲಿ ನಿಂತು, ಗುಡ್ಡದಮ್ಮನಿಗೆ ಒಂದೂವರೆ ವರ್ಷದ ಸುದ್ದಿಯನ್ನೆಲ್ಲ ಹೇಳುತ್ತಾ ನಡೆದೆ.

ತಿಂಡಿಗೆ ತಡವಾಯಿತು.